ಮನೆಯ ಖರ್ಚು: ರೂಪಾಯಿಯ ಲೆಕ್ಕ, ಆಳಿನ ಲೆಕ್ಕ

(ಸದಸ್ಯರ ಅಧ್ಯಯನಕ್ಕಾಗಿ)



ಮನೆ ಸಾಲದ ವಿಚಾರವಾಗಿ ಸಂಘದ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ಅಪ್ಪಯ್ಯನ ಕಾಲದಲ್ಲಿ ಕೆಲವು ಸಾವಿರಕ್ಕೆ ಎದ್ದ ಮನೆ. ಈಗ ಅಷ್ಟು ಹಣಕ್ಕೆ ಬಾಗಿಲೂ ಬರುವುದಿಲ್ಲ." ಮಾತು ನಿಜ. ಆದರೆ ಈ ಏರಿಕೆ ಎಲ್ಲಿಂದ ಬಂತು, ಅದರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು, ಕೈಮೀರಿದ್ದು ಎಷ್ಟು ಎಂಬುದನ್ನು ಬಿಡಿಸಿ ನೋಡದೆ ಮನೆಯ ಯೋಜನೆ ಹಾಕುವುದು ಅಪಾಯಕರ. ನಮ್ಮಲ್ಲಿ ಹೆಚ್ಚಿನವರಿಗೆ ಮನೆ ಎಂಬುದು ಆಯುಷ್ಯದಲ್ಲಿ ಒಮ್ಮೆ ಮಾಡುವ ಖರ್ಚು. ಅದರ ಲೆಕ್ಕ ತಪ್ಪಿದರೆ ಅಡವಿಗೆ ಬೀಳುವುದು ತೋಟ.

ಬೆಲೆ ಏರಿತು ಎಂಬ ಒಂದೇ ಮಾತಿನೊಳಗೆ ನಾಲ್ಕು ಸಂಗತಿಗಳು ಸೇರಿಕೊಂಡಿವೆ. ಒಂದು, ರೂಪಾಯಿಯ ಬೆಲೆಯೇ ಕುಗ್ಗಿದೆ. ಎರಡು, ಹಿಂದೆ ಹಣ ಕೊಡದೆ ದೊರೆಯುತ್ತಿದ್ದುದನ್ನು ಈಗ ಹಣ ಕೊಟ್ಟು ತರಬೇಕು. ಮೂರು, ಮನೆಯೂ ಮನೆ ಕಟ್ಟುವ ಜಾಗವೂ ಮೊದಲಿನಂತೆ ಇಲ್ಲ. ನಾಲ್ಕು, ಕಟ್ಟುವ ಕೈಗಳ ಕೂಲಿ ಇತರ ಬೆಲೆಗಳಿಗಿಂತ ವೇಗವಾಗಿ ಏರಿದೆ. ಇವನ್ನು ಒಂದೊಂದಾಗಿ ನೋಡೋಣ.

1. ರೂಪಾಯಿ ಎಷ್ಟು ಕುಗ್ಗಿತು?

ಸರಕಾರಿ ನೌಕರರ ತುಟ್ಟಿಭತ್ಯೆಯ ಮಾತು ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಆಧಾರವಾಗಿರುವುದು ಕೇಂದ್ರ ಸರಕಾರದ ಕಾರ್ಮಿಕ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುವ, ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಅಕ್ಕಿ, ಬಟ್ಟೆ, ಬಾಡಿಗೆ, ಔಷಧಿ, ಶಾಲೆ ಮೊದಲಾದ ಖರ್ಚುಗಳನ್ನು ಒಟ್ಟುಗೂಡಿಸಿ, ಒಂದು ಮೂಲ ವರ್ಷದ ಬೆಲೆಯನ್ನು 100 ಎಂದು ಹಿಡಿದು, ಮುಂದಿನ ಬೆಲೆಗಳನ್ನು ಅದರೊಂದಿಗೆ ಹೋಲಿಸುವ ಅಂಕಿ ಇದು. ಮೂಲ ವರ್ಷ ಹಿಂದೆ 1960 ಆಗಿತ್ತು. ಅನಂತರ 1982, 2001 ಮತ್ತು 2016 ಎಂದು ಬದಲಾಯಿತು. ಹೊಸ ಸೂಚ್ಯಂಕವನ್ನು ಹಳೆಯದಕ್ಕೆ ಹೊಂದಿಸಲು ಸರಕಾರವೇ ಗುಣಕಗಳನ್ನು ಕೊಟ್ಟಿದೆ: 2016ರ ಸರಣಿಯಿಂದ 2001ಕ್ಕೆ 2.88, 2001ರಿಂದ 1982ಕ್ಕೆ 4.63, 1982ರಿಂದ 1960ಕ್ಕೆ 4.93.

ಲೆಕ್ಕ ಮಾಡುವ ಕ್ರಮ ಸುಲಭ. 2024ರ ಡಿಸೆಂಬರಿನ ಸೂಚ್ಯಂಕ 143.7. ಅದನ್ನು 2.88ರಿಂದ, ಬಂದುದನ್ನು 4.63ರಿಂದ, ಮತ್ತೆ 4.93ರಿಂದ ಗುಣಿಸಿದರೆ ಸುಮಾರು 9,447 ಬರುತ್ತದೆ. ಎಂದರೆ 1960ರಲ್ಲಿ 100 ರೂ. ಕೊಟ್ಟು ತರುತ್ತಿದ್ದ ಸಾಮಾನಿಗೆ 2024ರ ಕೊನೆಯಲ್ಲಿ ಸುಮಾರು 9,450 ರೂ. ಕೊಡಬೇಕಾಯಿತು. ಆಗಿನ ಒಂದು ರೂಪಾಯಿ ಎಂದರೆ 2024ರ ಕೊನೆಯ 94 ರೂಪಾಯಿ.

ಸರಾಸರಿ ನೋಡಿದರೆ ಇದು ವರ್ಷಕ್ಕೆ ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚಿನ ಏರಿಕೆ. ಇಲ್ಲಿ ಎಲ್ಲರೂ ನೆನಪಿಡಬಹುದಾದ ಒಂದು ಸೂತ್ರವಿದೆ. 72ನ್ನು ಏರಿಕೆಯ ಶೇಕಡಾವಾರಿನಿಂದ ಭಾಗಿಸಿದರೆ, ಬೆಲೆ ಇಮ್ಮಡಿಯಾಗಲು ಎಷ್ಟು ವರ್ಷ ಬೇಕೆಂದು ತಿಳಿಯುತ್ತದೆ. ಶೇಕಡಾ 7ರಂತೆ ಸುಮಾರು 10 ವರ್ಷ, ಶೇಕಡಾ 4ರಂತೆ 18 ವರ್ಷ. ಏರಿಕೆ ಎಲ್ಲ ಕಾಲದಲ್ಲೂ ಒಂದೇ ಸಮನಾಗಿರಲಿಲ್ಲ. 1973ರಲ್ಲಿ ಕಚ್ಚಾ ತೈಲದ ಬೆಲೆ ಏರಿದ ಮೇಲೆ 1974ರಲ್ಲಿ ನಮ್ಮ ದೇಶದ ಬೆಲೆಗಳು ಒಂದೇ ವರ್ಷದಲ್ಲಿ ಶೇಕಡಾ 25ಕ್ಕೂ ಹೆಚ್ಚು ಜಿಗಿದವು. 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಶೇಕಡಾ 4ರ ಗುರಿಯನ್ನು ಗೊತ್ತುಪಡಿಸಿದ ಮೇಲೆ ವೇಗ ಕಡಿಮೆಯಾಗಿದೆ. ಆದರೂ ದೀರ್ಘಕಾಲದ ಲೆಕ್ಕಕ್ಕೆ ಹತ್ತು ವರ್ಷಕ್ಕೊಮ್ಮೆ ಇಮ್ಮಡಿ ಎಂದು ಹಿಡಿಯುವುದೇ ಕ್ಷೇಮ.

ಈಗ ಅಪ್ಪಯ್ಯನ ಮನೆಗೆ ಬರೋಣ. 1960ರಲ್ಲಿ 5,000 ರೂ. ಖರ್ಚಿನಲ್ಲಿ ಒಂದು ಮನೆ ಎದ್ದಿತೆಂದು ಇಟ್ಟುಕೊಳ್ಳಿ. ಸೂಚ್ಯಂಕದ ಪ್ರಕಾರ ಅದು 2024ರ ಕೊನೆಯ ಸುಮಾರು 4,72,000 ರೂ. ಗೆ ಸಮ. 800 ಚದರಡಿಯ ಸಾಧಾರಣ ಮನೆಗೆ ಚದರಡಿಗೆ 2,000 ರೂ. ಎಂದು ಹಿಡಿದರೆ 16 ಲಕ್ಷ ಬೇಕು. ಹಾಗಾದರೆ ಉಳಿದ 11 ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ ಎಲ್ಲಿಯದು? ರೂಪಾಯಿ ಕುಗ್ಗಿದ ಮಾತ್ರಕ್ಕೆ ಅದು ಬಂದುದಲ್ಲ. ಉಳಿದ ಮೂರು ಕಾರಣಗಳನ್ನು ನೋಡಬೇಕು.

2. ಹಣ ಕೊಡದೆ ಬರುತ್ತಿದ್ದುದು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಹಿಂದಿನ ಬಡ ಗೇಣಿದಾರನ ಮನೆ ಎಂದರೆ ಮಣ್ಣಿನ ಗೋಡೆ ಮತ್ತು ಮುಳಿಹುಲ್ಲು, ಸೋಗೆ ಅಥವಾ ತೆಂಗಿನ ಮಡಲಿನ ಮಾಡು. ಮಣ್ಣು ಅಂಗಳದ ಬದಿಯದು, ಹುಲ್ಲು ಗುಡ್ಡದ್ದು, ಪಕ್ಕಾಸಿನ ಮರ ಹಿತ್ತಿಲಿನದು ಇಲ್ಲವೇ ಕುಮ್ಕಿಯದು. ಮಳೆಗಾಲಕ್ಕೆ ಮುಂಚೆ ಮಾಡು ಹೊದೆಸಲು ನೆರೆಕರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು. ಇದಕ್ಕೆ ಖರ್ಚು ಇರಲಿಲ್ಲವೆಂದಲ್ಲ. ಪ್ರತಿ ವರ್ಷವೂ ದಿನಗಟ್ಟಲೆ ದುಡಿಮೆ ಹೋಗುತ್ತಿತ್ತು, ಬೆಂಕಿಯ ಭಯವೂ ಇತ್ತು. ಆದರೆ ಆ ಖರ್ಚು ರೂಪಾಯಿಯ ಪುಸ್ತಕದಲ್ಲಿ ಏರುತ್ತಿರಲಿಲ್ಲ. "ಕೆಲವು ಸಾವಿರಕ್ಕೆ ಮನೆ ಎದ್ದಿತು" ಎಂಬ ಮಾತಿನಲ್ಲಿ ಈ ಬರೆಯದ ಖರ್ಚು ಬಿಟ್ಟುಹೋಗಿದೆ.

ಹಂಚು ಬಂದುದು ಮೊದಲ ಬದಲಾವಣೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಪ್ರಾರಂಭಿಸಿತು. ಮುಂದೆ ಮಲ್ಪೆಯಲ್ಲಿಯೂ ಅದರ ಕಾರ್ಖಾನೆ ಆಯಿತು. ಕ್ರಮೇಣ ಖಾಸಗಿಯವರೂ ಇಳಿದು, ಕುಂದಾಪುರದ ಸುತ್ತಮುತ್ತಲೂ ಹಂಚಿನ ಕಾರ್ಖಾನೆಗಳು ಎದ್ದವು. ಹಂಚು ಹಣ ಕೊಟ್ಟು ತರುವ ವಸ್ತು. ಆದರೆ ಹತ್ತಿರದಲ್ಲೇ ತಯಾರಾಗುವುದು, ಒಮ್ಮೆ ಹೊದೆಸಿದರೆ ತಲೆಮಾರುಗಟ್ಟಲೆ ಬಾಳುವುದು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಗೆ ಒಡೆಯರಾದ ಮೇಲೆ, ನಮ್ಮದೇ ನೆಲದಲ್ಲಿ ನಮ್ಮದೇ ಗಟ್ಟಿ ಮನೆ ಎಂಬ ಧೈರ್ಯ ಬಂದು, ಮುಳಿಯ ಮಾಡು ಹೋಗಿ ಹಂಚಿನ ಮಾಡು ಹರಡಿತು.

ಎರಡನೆಯ ಬದಲಾವಣೆ ಸಿಮೆಂಟು. ಹಿರಿಯ ಸದಸ್ಯರಿಗೆ ಪರ್ಮಿಟ್ಟಿನ ಕಾಲ ನೆನಪಿರಬಹುದು. ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಸರಕಾರದ ಹಿಡಿತದಲ್ಲಿತ್ತು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ಸಿಮೆಂಟು, ಕಬ್ಬಿಣ ಊರೂರಿಗೆ ಬಂದು ತಾರಸಿ ಮನೆ ಸಾಮಾನ್ಯವಾಯಿತು. ಅಡಿಕೆ ಒಣಗಿಸಲು ತಾರಸಿ ಅನುಕೂಲವೆಂಬ ಕಾರಣವೂ ಇತ್ತು. ಆದರೆ ಸಿಮೆಂಟು ಮತ್ತು ಕಬ್ಬಿಣದ ಬೆಲೆ ನಿರ್ಧಾರವಾಗುವುದು ನಮ್ಮ ಊರಿನಲ್ಲಿ ಅಲ್ಲ. ಕಲ್ಲಿದ್ದಲು, ಡೀಸೆಲ್, ಲಾರಿ ಬಾಡಿಗೆ, ತೆರಿಗೆ ಎಲ್ಲವೂ ಅದರಲ್ಲಿ ಸೇರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇಂತಹ ಇಳಿಕೆ ಅಪರೂಪ.

ಮೂರನೆಯದಾಗಿ, ನಮ್ಮ ಊರಿನದೇ ಆದ ಕೆಂಪು ಕಲ್ಲು ಮತ್ತು ಹೊಯಿಗೆ. ಇವೂ ಈಗ ಹಿತ್ತಿಲಿನ ವಸ್ತುಗಳಲ್ಲ. ಸೀತಾ, ಸ್ವರ್ಣಾ, ವಾರಾಹಿ, ಸೌಪರ್ಣಿಕಾ ಹರಿಯುವ ನಾಡಿನಲ್ಲಿಯೂ ಹೊಯಿಗೆಗೆ ಪರವಾನಿಗೆ ಬೇಕು, ರಾಜಧನ ಕಟ್ಟಬೇಕು. ನದಿ ಮತ್ತು ಕರಾವಳಿಯನ್ನು ಉಳಿಸಲು ನಿಯಮ ಅಗತ್ಯವೇ ಸರಿ. ಆದರೆ ಪೂರೈಕೆ ನಿಂತಾಗ ಕಟ್ಟುವವನ ಕೆಲಸವೂ ನಿಲ್ಲುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೆಂಪು ಕಲ್ಲು, ಹೊಯಿಗೆ ಸಿಗದೆ ಅರ್ಧಕ್ಕೆ ನಿಂತ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

3. ಮನೆಯೂ ಬೇರೆ, ಜಾಗವೂ ಬೇರೆ

ಹಳೆಯ ಮನೆಯಲ್ಲಿ ವಿದ್ಯುತ್ ತಂತಿ ಇರಲಿಲ್ಲ. ನಲ್ಲಿ ಇರಲಿಲ್ಲ, ಒಳಗೆ ಶೌಚಾಲಯ ಇರಲಿಲ್ಲ. ನೆಲಕ್ಕೆ ಸೆಗಣಿ ಸಾರಿಸುತ್ತಿದ್ದರು. ಇಂದಿನ ಮನೆಯಲ್ಲಿ ಇವೆಲ್ಲ ಇರಲೇಬೇಕು. ಹಾಗಾಗಿ ಎರಡು ಮನೆಗಳ ಬೆಲೆಯನ್ನು ಹೋಲಿಸುವಾಗ ನಾವು ಒಂದೇ ವಸ್ತುವನ್ನು ಹೋಲಿಸುತ್ತಿಲ್ಲ. ಇವು ಒಳ್ಳೆಯ ಖರ್ಚುಗಳು. ಇವುಗಳಿಂದ ಕಾಯಿಲೆ ಕಡಿಮೆಯಾಗಿದೆ, ಮನೆಯ ಹೆಂಗಸರ ದುಡಿಮೆ ಹಗುರವಾಗಿದೆ.

ಆದರೆ ಎಲ್ಲ ಖರ್ಚೂ ಈ ಜಾತಿಯದಲ್ಲ. ನಮ್ಮ ಮಳೆಗೆ ಚಪ್ಪಟೆ ತಾರಸಿ ಸೋರುತ್ತದೆಂದು ಅದರ ಮೇಲೆ ಮತ್ತೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊದೆಸುವುದು ಈಗ ರೂಢಿಯಾಗಿದೆ. ಒಂದು ಮನೆಗೆ ಎರಡು ಮಾಡಿನ ಖರ್ಚು. ತಾರಸಿಯ ಮೇಲೆ ತಗಡು ಬರುವುದು ಖಂಡಿತವೆಂದಾದರೆ, ಮೊದಲೇ ಇಳಿಜಾರು ಮಾಡು ಹಾಕಿ, ಅಡಿಕೆಗೆ ಅಂಗಳವನ್ನೋ ಒಣಗಿಸುವ ಗೂಡನ್ನೋ ಪ್ರತ್ಯೇಕ ಮಾಡಿಕೊಂಡರೆ ಎಷ್ಟು ಉಳಿದೀತೆಂದು ಮೇಸ್ತ್ರಿಯವರಲ್ಲಿ ಲೆಕ್ಕ ಕೇಳಬೇಕು. ವರ್ಷದಲ್ಲಿ ನಾಲ್ಕು ದಿನ ಬರುವ ನೆಂಟರಿಗಾಗಿ ಕಟ್ಟಿದ ಕೋಣೆಗಳ ಮಾತೂ ಹೀಗೆಯೇ.

ಜಾಗದ ಬೆಲೆ ಏರಿದ್ದು ಬೇರೆ ಕಾರಣಗಳಿಂದ. ಹೆದ್ದಾರಿ ಅಗಲವಾಯಿತು, 1998ರಿಂದ ಕೊಂಕಣ ರೈಲು ಪೂರ್ತಿ ಓಡಿತು, 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ತಾಲೂಕು ಕೇಂದ್ರಗಳಾದವು. ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ಮತ್ತು ಕೊಲ್ಲಿ ದೇಶಗಳಲ್ಲಿ ದುಡಿದ ನಮ್ಮವರ ಹಣ ಊರಿಗೆ ಬಂತು. ಪೇಟೆ ಬದಿಯ ನಿವೇಶನಕ್ಕೆ ತೋಟದ ಆದಾಯದವನೂ ಹೊರಗಿನ ಸಂಪಾದನೆಯವನೂ ಒಂದೇ ಸಾಲಿನಲ್ಲಿ ನಿಂತಾಗ ಬೆಲೆ ಯಾರ ಶಕ್ತಿಗೆ ತಕ್ಕಂತೆ ನಿಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ಸ್ವಂತ ಹಿಡುವಳಿಯಲ್ಲಿ ಮನೆ ಕಟ್ಟಬಲ್ಲ ಸಣ್ಣ ಬೆಳೆಗಾರನಿಗೆ ಈ ಒಂದು ವಿಷಯದಲ್ಲಾದರೂ ಅನುಕೂಲವಿದೆ. ದಾಖಲೆ ಪತ್ರಗಳನ್ನು ಮೊದಲು ಸರಿಮಾಡಿಕೊಂಡು ಮುಂದುವರಿಯಬೇಕು.

4. ಕೂಲಿ ಓಡುತ್ತದೆ, ರೂಪಾಯಿ ಉಳಿಯುತ್ತದೆ

ನಾಲ್ಕನೆಯ ಕಾರಣವೇ ಮುಖ್ಯವಾದುದು. ಇದನ್ನು ಅಳೆಯಲು ಸರಕಾರದ ಗ್ರಾಮೀಣ ವಸತಿ ಸಹಾಯಧನ ಒಳ್ಳೆಯ ಉದಾಹರಣೆ.

ಇಂದಿರಾ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 2004ರಲ್ಲಿ 25,000 ರೂ. ಇತ್ತು. 2008ರಲ್ಲಿ ಅದು 35,000, 2010ರಲ್ಲಿ 45,000, 2013ರಲ್ಲಿ 70,000 ಆಯಿತು. 2016ರಲ್ಲಿ ಯೋಜನೆ ಪ್ರಧಾನಮಂತ್ರಿ ಆವಾಸ್ ಯೋಜನೆ ಎಂದಾದಾಗ ಮನೆಯ ಕನಿಷ್ಠ ಅಳತೆಯನ್ನು 20ರಿಂದ 25 ಚದರ ಮೀಟರಿಗೆ ಏರಿಸಿ, ಸಹಾಯಧನವನ್ನು 1,20,000 ರೂ. ಮಾಡಿದರು. ಹನ್ನೆರಡು ವರ್ಷಗಳಲ್ಲಿ ಐದು ಪಟ್ಟಿನ ಹತ್ತಿರ ಏರಿಕೆ. ಅಲ್ಲಿಂದ ಮುಂದೆ ಅಂಕಿ ನಿಂತಿತು. 2024ರಲ್ಲಿ ಯೋಜನೆಯನ್ನು 2028-29ರ ತನಕ ಮುಂದುವರಿಸಿದಾಗಲೂ ಮೊತ್ತ 1,20,000 ರೂಪಾಯಿಯೇ.

ಈ ಕಾಲದಲ್ಲಿ ಕೂಲಿ ಏನಾಯಿತು? ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ದಿನಗೂಲಿ 2016-17ರಲ್ಲಿ 224 ರೂ. ಇದ್ದುದು 2025-26ರಲ್ಲಿ 370 ರೂ. ಆಯಿತು. ಈ ದರಕ್ಕೆ ನಮ್ಮ ಕಡೆ ಮೇಸ್ತ್ರಿಯೂ ಬರುವುದಿಲ್ಲ, ಕೊನೆಗಾರನೂ ಬರುವುದಿಲ್ಲ ಎಂಬುದು ಬೇರೆ ಮಾತು. ಏರಿಕೆಯ ವೇಗ ತಿಳಿಯಲು ಅದು ಸಾಕು. ಈಗ ಮೂರು ಅಂಕಿಗಳನ್ನು ಸಾಲಾಗಿ ಇಡೋಣ. ಸಹಾಯಧನ 2016ರಲ್ಲಿ 100 ಇದ್ದುದು ಈಗಲೂ 100. ಸಾಮಾನ್ಯ ಬೆಲೆ 2024ರ ಕೊನೆಗೆ ಸುಮಾರು 144. ಕೂಲಿ ಸುಮಾರು 165.

ಆಳಿನ ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. 1,20,000 ರೂಪಾಯಿ 2016-17ರ ಕೂಲಿಯಂತೆ ಸುಮಾರು 536 ಆಳು. 2025-26ರ ಕೂಲಿಯಂತೆ ಅದೇ ಹಣ 324 ಆಳು. ಕಾಗದದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಆದರೆ 212 ಆಳು ಮಾಯವಾದರು. ಇದೇ ಯೋಜನೆಯಲ್ಲಿ ಮನೆ ಕಟ್ಟುವವನಿಗೆ ಉದ್ಯೋಗ ಖಾತರಿಯ ಮೂಲಕ 90 ದಿನಗಳ ಕೂಲಿಯನ್ನೂ ಇಟ್ಟಿದ್ದರು. ಆ ಭಾಗ 2016-17ರಲ್ಲಿ 20,160 ರೂ. ಆಗುತ್ತಿದ್ದುದು, 2025-26ರ ದರದಲ್ಲಿ 33,300 ರೂ. ಆಗುತ್ತದೆ. ರೂಪಾಯಿಯಲ್ಲಿ ಬರೆದ ಸಹಾಯ ಕರಗಿತು, ದಿನಗಳಲ್ಲಿ ಬರೆದ ಸಹಾಯ ಹಾಗೆಯೇ ಉಳಿಯಿತು. ಈ ಪಾಠದ ಸಾರವೆಲ್ಲ ಈ ಒಂದು ಉದಾಹರಣೆಯಲ್ಲಿದೆ.

ಕಾರ್ಖಾನೆಯ ವಸ್ತುವನ್ನು ಯಂತ್ರ ಹೆಚ್ಚು ಹೆಚ್ಚು ಮಾಡಿಕೊಡುತ್ತದೆ. ಅದರಿಂದ ಅದರ ಬೆಲೆ ಅಷ್ಟು ಏರುವುದಿಲ್ಲ. ಗೋಡೆ ಕಟ್ಟುವುದು, ಗಾರೆ ಮಾಡುವುದು, ಮರಗೆಲಸ ಇವೆಲ್ಲ ಕೈಯ ಕೆಲಸಗಳು. ಆದುದರಿಂದ ಕೂಲಿ ಏರಿದಂತೆ ಮನೆಯ ಬೆಲೆಯೂ ಸಾಮಾನ್ಯ ಬೆಲೆಗಳಿಗಿಂತ ಮುಂದೆ ಹೋಗುತ್ತದೆ. ಕೂಲಿ ಏರುವುದು ಅನ್ಯಾಯವೆಂದು ನಾವು ಹೇಳಬಾರದು. ಆ ಕೂಲಿಯವನೂ ಮನೆ ಕಟ್ಟಬೇಕಲ್ಲ.

5. ಪಾಲುಪಟ್ಟಿಯಲ್ಲಿ ಬರೆಯುವ ಮೊತ್ತ

ನಮ್ಮ ಹಿರಿಯರು ಈ ಸತ್ಯವನ್ನು ಸೂಚ್ಯಂಕವಿಲ್ಲದೆ ಅರಿತಿದ್ದರು. ಚಾಲಗೇಣಿ ಸಾಮಾನ್ಯವಾಗಿ ಅಕ್ಕಿ ಮುಡಿಯ ಲೆಕ್ಕದಲ್ಲಿತ್ತು. ಅಕ್ಕಿಯ ಬೆಲೆ ಏರಿದಂತೆ ಗೇಣಿಯ ಬೆಲೆಯೂ ಏರುತ್ತಿತ್ತು. ಮೂಲಗೇಣಿಯಲ್ಲಿ ಶಾಶ್ವತವಾಗಿ ಇಂತಿಷ್ಟು ರೂಪಾಯಿ ಎಂದು ಬರೆದಿದ್ದ ಕಡೆ ಕಾಲಕ್ರಮದಲ್ಲಿ ಆ ಮೊತ್ತ ಒಂದು ಊಟದ ಬೆಲೆಗೂ ಸಾಲದಾಯಿತು. ಗೇಣಿಯ ನ್ಯಾಯಾನ್ಯಾಯ ಇಲ್ಲಿ ನಮ್ಮ ವಿಷಯವಲ್ಲ. ಬರೆದ ರೀತಿಯಿಂದ ಆದ ವ್ಯತ್ಯಾಸವನ್ನಷ್ಟೇ ಗಮನಿಸಬೇಕು.

ಇಂದು ಇದು ನಮ್ಮ ಮನೆಗಳಲ್ಲಿ ಪಾಲುಪಟ್ಟಿಯ ರೂಪದಲ್ಲಿ ನಡೆಯುತ್ತಿದೆ. ಅಣ್ಣನಿಗೆ ಹಳೆಯ ಮನೆ. ತಮ್ಮನಿಗೋ ತಂಗಿಗೋ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂ. ಹತ್ತು ವರ್ಷದೊಳಗೆ ಕೊಡತಕ್ಕದ್ದು ಎಂದು ಬರೆಯುತ್ತಾರೆ. ಬರೆಯುವ ದಿನ ಎಲ್ಲರಿಗೂ ಅದು ನ್ಯಾಯವಾಗಿಯೇ ಕಾಣುತ್ತದೆ. ವರ್ಷಕ್ಕೆ ಶೇಕಡಾ 7ರಂತೆ ಏರಿದರೆ ಹತ್ತನೆಯ ವರ್ಷ ಅದೇ ಮನೆಗೆ 9,84,000 ರೂ. ಬೇಕು. 5 ಲಕ್ಷ ಕೊಟ್ಟ ಅಣ್ಣ ಮಾತು ಉಳಿಸಿಕೊಂಡಿದ್ದಾನೆ, ತಮ್ಮನಿಗೆ ಅರ್ಧ ಮನೆಯಷ್ಟೇ ಸಿಕ್ಕಿದೆ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಜಗಳ ಹುಟ್ಟುತ್ತದೆ. ಆದುದರಿಂದ ಇಂತಹ ಪತ್ರಗಳಲ್ಲಿ ತಡವಾದ ಪ್ರತಿ ವರ್ಷಕ್ಕೂ ಮೊತ್ತ ಎಷ್ಟು ಏರಬೇಕೆಂದು, ಅಥವಾ ಕೊಡುವ ದಿನದ ಧಾರಣೆಯಲ್ಲಿ ಇಷ್ಟು ಕ್ವಿಂಟಾಲ್ ಅಡಿಕೆಯ ಬೆಲೆಗೆ ಕಡಿಮೆಯಿಲ್ಲದಂತೆ ಎಂದು ವಕೀಲರನ್ನು ಕೇಳಿ ಸೇರಿಸುವುದು ಉತ್ತಮ. ಎರಡು ಸಾಲಿನ ಬರವಣಿಗೆ ಎರಡು ಮನೆಗಳ ಮಾತುಕತೆಯನ್ನು ಉಳಿಸೀತು.

6. ಕೂಡಿಸಿ ಕಟ್ಟುವುದೋ, ಸಾಲ ಮಾಡಿ ಕಟ್ಟುವುದೋ?

ಒಂದು ಕುಟುಂಬ ಪ್ರತಿ ವರ್ಷ ಕೊಯಿಲಿನ ಮೇಲೆ 1 ಲಕ್ಷ ರೂ. ತೆಗೆದಿಡಬಲ್ಲದು ಎಂದು ಹಿಡಿಯೋಣ. ಠೇವಣಿಗೆ ಶೇಕಡಾ 6, ಮನೆಯ ಬೆಲೆಯಲ್ಲಿ ಏರಿಕೆ ಶೇಕಡಾ 7, ಸಾಲಕ್ಕೆ ಶೇಕಡಾ 9 ಎಂದಿರಲಿ. ಇವು ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿಗಳು.

ಮೊದಲನೆಯ ದಾರಿ: ಇಂದು 16 ಲಕ್ಷವಾಗುವ 800 ಚದರಡಿಯ ಮನೆಗಾಗಿ ಹತ್ತು ವರ್ಷ ಕೂಡಿಡುವುದು. ಹತ್ತು ವರ್ಷದ ಕೊನೆಗೆ ಬಡ್ಡಿ ಸೇರಿ ಕೈಯಲ್ಲಿ ಸುಮಾರು 13.2 ಲಕ್ಷ. ಮನೆಯ ಬೆಲೆ ಆಗ ಸುಮಾರು 31.5 ಲಕ್ಷ. ಕೊರತೆ 18.3 ಲಕ್ಷ. ಹತ್ತು ವರ್ಷ ಒಂದೂ ತಪ್ಪದೆ ಕೂಡಿಸಿದ ಮೇಲೆ ಉಳಿದ ಕೊರತೆ, ಮೊದಲ ದಿನ ಪೂರ್ತಿ ಮನೆಗೆ ಬೇಕಾಗಿದ್ದ ಹಣಕ್ಕಿಂತಲೂ ಹೆಚ್ಚು!

ಎರಡನೆಯ ದಾರಿ: ಪೂರ್ತಿ 16 ಲಕ್ಷವನ್ನು ಇಂದೇ ಸಾಲ ಮಾಡುವುದು. 20 ವರ್ಷದ ಅವಧಿಗೆ ವರ್ಷಕ್ಕೆ ಸುಮಾರು 1,75,000 ರೂ. ಕಂತು. ಕಂತಿನ ಮೊತ್ತ ಏರುವುದಿಲ್ಲ, ಹಾಗಾಗಿ ಹತ್ತು ವರ್ಷದ ಮೇಲೆ ಅದು ಹಗುರವಾಗುತ್ತದೆ ಎಂದು ಹೇಳುವುದುಂಟು. ಸಂಬಳದವರಿಗೆ ಇದು ಒಪ್ಪುವ ಮಾತು. ನಮ್ಮ ಆದಾಯ ಮೆಟ್ಟಿಲಿನಂತೆ ಏರುವುದಿಲ್ಲ. 2000ದ ನಂತರದ ಕೆಲವು ವರ್ಷಗಳಲ್ಲಿ ಅಡಿಕೆ ಮತ್ತು ಕಾಫಿ ಎರಡೂ ಒಟ್ಟಿಗೆ ಕುಸಿದವು. 2021ರಲ್ಲಿ ಹಳೆ ಚಾಲಿ ಅಡಿಕೆ ಕೆ.ಜಿ.ಗೆ 500 ರೂ. ದಾಟಿತು. ಕುಸಿದ ವರ್ಷಗಳಲ್ಲಿ ಮೇಸ್ತ್ರಿಯ ಕೂಲಿ ಇಳಿಯಲಿಲ್ಲ, ಬ್ಯಾಂಕಿನ ಕಂತೂ ಇಳಿಯಲಿಲ್ಲ. 1,75,000 ರೂ. ಎಂದರೆ ಕೆ.ಜಿ.ಗೆ 400 ರೂ. ಧಾರಣೆಯಲ್ಲಿ ನಾಲ್ಕೂವರೆ ಕ್ವಿಂಟಾಲಿನ ಹತ್ತಿರ, 250 ರೂ. ಧಾರಣೆಯಲ್ಲಿ ಏಳು ಕ್ವಿಂಟಾಲ್. ತೋಟದ ಖರ್ಚು ಕಳೆದು ಇಷ್ಟು ಅಡಿಕೆ ಕಂತಿಗೆ ಉಳಿಯುತ್ತದೆಯೇ? ಕೊಳೆರೋಗವೋ ಎಲೆಚುಕ್ಕಿ ರೋಗವೋ ಬಂದ ವರ್ಷವೂ ಉಳಿಯುತ್ತದೆಯೇ?

ಮೂರನೆಯ ದಾರಿ: ಮೊದಲು 400 ಚದರಡಿಯ ಚಿಕ್ಕ ಮನೆಯನ್ನು ಪೂರ್ತಿಯಾಗಿ ಕಟ್ಟುವುದು. ಅದು ಇಂದು 8 ಲಕ್ಷ. ನಾಲ್ಕು ವರ್ಷ ಕೂಡಿಸಿದರೆ ಕೈಯಲ್ಲಿ ಸುಮಾರು 4.4 ಲಕ್ಷ, ಆಗ ಮನೆಯ ಬೆಲೆ ಸುಮಾರು 10.5 ಲಕ್ಷ. ಉಳಿದ 6.1 ಲಕ್ಷಕ್ಕೆ ಹತ್ತು ವರ್ಷದ ಸಾಲ ತೆಗೆದರೆ ವರ್ಷಕ್ಕೆ ಕಂತು ಸುಮಾರು 95,000 ರೂ. ಎಂದರೆ ಇಷ್ಟು ದಿನ ಕೂಡಿಡುತ್ತಿದ್ದ ಅದೇ ಒಂದು ಲಕ್ಷದೊಳಗೆ ಕಂತು ಮುಗಿಯುತ್ತದೆ. ಐದನೆಯ ವರ್ಷದಲ್ಲಿ ಸಂಸಾರ ಹೊಸ ಮನೆಯಲ್ಲಿರುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಒಂದು ಕೋಣೆ ಸೇರಿಸಬಹುದು.

ಇದು ಹೊಸ ವಿಚಾರವಲ್ಲ. ನಮ್ಮ ಹಳೆಯ ಮನೆಗಳು ಹೀಗೆಯೇ ಬೆಳೆದವು. ಮೊದಲು ಜಗಲಿ, ಒಳಗೆ, ಅಡುಗೆಮನೆ. ಆಮೇಲೆ ಚಾವಡಿ, ಮತ್ತೆ ಮಗನ ಮದುವೆಗೆ ಒಂದು ಕೋಣೆ. ಎಚ್ಚರಿಕೆ ಒಂದೇ: ಮುಂದೆ ಸೇರಿಸುವ ಭಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಡಬೇಕು, ಮಾಡಿನ ಇಳಿಜಾರು ಆ ಕಡೆಗೆ ಅಡ್ಡಬರಬಾರದು. ದೊಡ್ಡ ಮನೆಯನ್ನು ಅರ್ಧ ಕಟ್ಟಿ ಬಿಡುವುದಕ್ಕೂ ಚಿಕ್ಕ ಮನೆಯನ್ನು ಪೂರ್ತಿ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ. ಅರ್ಧ ಗೋಡೆ ಎರಡು ಮಳೆಗಾಲ ನೆನೆದರೆ, ಕರಾವಳಿಯ ಗಾಳಿಗೆ ಕಬ್ಬಿಣ ತುಕ್ಕು ಹಿಡಿದರೆ, ಮಾಡಿದ ಖರ್ಚೂ ಕೈತಪ್ಪಿತು.

7. ಹಳೆಯ ನಿವೇಶನ ಮಾರುವವರಿಗೆ

ಮನೆಗೆ ಹಣ ಹೊಂದಿಸಲು ಕೆಲವರು ಪೇಟೆಯ ಹಳೆಯ ನಿವೇಶನವನ್ನು ಮಾರುತ್ತಾರೆ. ರೂಪಾಯಿ ಕುಗ್ಗಿದುದನ್ನು ಆದಾಯ ತೆರಿಗೆಯ ಕಾನೂನೂ ಲೆಕ್ಕಕ್ಕೆ ಹಿಡಿಯುತ್ತದೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ನಿವೇಶನ ಅಥವಾ ಮನೆಗೆ ಎರಡು ಕ್ರಮಗಳಲ್ಲಿ ಕಡಿಮೆ ತೆರಿಗೆ ಬರುವುದನ್ನು ಆರಿಸಿಕೊಳ್ಳಲು ವ್ಯಕ್ತಿಗಳಿಗೆ ಅವಕಾಶ ಕೊಟ್ಟರು: ಕೊಂಡ ಬೆಲೆಯನ್ನು ಸೂಚ್ಯಂಕದಂತೆ ಏರಿಸಿ ಲಾಭದ ಮೇಲೆ ಶೇಕಡಾ 20, ಅಥವಾ ಏರಿಸದೆ ಶೇಕಡಾ 12.5. ಈ ಸೂಚ್ಯಂಕ 2001-02ಕ್ಕೆ 100, 2025-26ಕ್ಕೆ 376. 2001-02ರಲ್ಲಿ 1 ಲಕ್ಷಕ್ಕೆ ಕೊಂಡುದನ್ನು 2025-26ರಲ್ಲಿ 6 ಲಕ್ಷಕ್ಕೆ ಮಾರಿದರೆ ಮೊದಲ ಕ್ರಮದಲ್ಲಿ ತೆರಿಗೆ 44,800 ರೂ., ಎರಡನೆಯದರಲ್ಲಿ 62,500 ರೂ. ಅದನ್ನೇ 12 ಲಕ್ಷಕ್ಕೆ ಮಾರಿದರೆ ಮೊದಲ ಕ್ರಮದಲ್ಲಿ 1,64,800 ರೂ., ಎರಡನೆಯದರಲ್ಲಿ 1,37,500 ರೂ. ಸೆಸ್ ಮತ್ತು ವಿನಾಯಿತಿಗಳನ್ನು ಇಲ್ಲಿ ಸೇರಿಸಿಲ್ಲ. ಮಾರುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಬೇಕು. ಮಾರಿದ ಮೇಲೆ ಕೇಳಿ ಪ್ರಯೋಜನವಿಲ್ಲ.

8. ಸದಸ್ಯರ ಗಮನಕ್ಕೆ

ಮೇಲಿನ ವಿಚಾರಗಳಿಂದ ನಾವು ತೆಗೆದುಕೊಳ್ಳಬಹುದಾದ ನಿರ್ಧಾರಗಳು ಇವು:

ಒಂದು, ಮನೆಯ ಅಂದಾಜನ್ನು ಎರಡು ಕಾಲಮಿನಲ್ಲಿ ಬರೆಯಿರಿ. ಒಂದರಲ್ಲಿ ರೂಪಾಯಿ, ಇನ್ನೊಂದರಲ್ಲಿ ಆಳು ಮತ್ತು ಅಡಿಕೆಯ ಕ್ವಿಂಟಾಲ್. ರೂಪಾಯಿಯ ಕಾಲಮು ಪ್ರತಿ ವರ್ಷ ಬದಲಾಗುತ್ತದೆ. ನಿಮ್ಮ ಶಕ್ತಿ ತಿಳಿಯುವುದು ಎರಡನೆಯ ಕಾಲಮಿನಿಂದ.

ಎರಡು, ಒಂದು ವರ್ಷದ ಒಳ್ಳೆಯ ಧಾರಣೆಯನ್ನು ನಂಬಿ ಮನೆಯ ಅಳತೆ ನಿರ್ಧರಿಸಬೇಡಿ. ಕಳೆದ ಹತ್ತು ವರ್ಷಗಳಲ್ಲಿ ತೋಟದಿಂದ ಅತ್ಯಂತ ಕಡಿಮೆ ಬಂದ ವರ್ಷದ ನಿವ್ವಳ ಆದಾಯದ ಮೂರನೆಯ ಒಂದು ಭಾಗಕ್ಕಿಂತ ಕಂತು ಹೆಚ್ಚಾಗದಿರಲಿ ಎಂಬುದು ನನ್ನ ಅಭಿಪ್ರಾಯ.

ಮೂರು, ಉಳಿತಾಯದ ಮೊತ್ತವನ್ನೂ ಪ್ರತಿ ವರ್ಷ ಏರಿಸುತ್ತ ಹೋಗಿ. ಹತ್ತು ವರ್ಷ ಅದೇ ಒಂದು ಲಕ್ಷ ಕಟ್ಟುವವನು ನಿಜದಲ್ಲಿ ಪ್ರತಿ ವರ್ಷ ಕಡಿಮೆ ಕಟ್ಟುತ್ತಿದ್ದಾನೆ.

ನಾಲ್ಕು, ನಮ್ಮಂತಹ ಸಂಘಗಳು ಮನೆ ಸಾಲದ ಕಂತನ್ನು ತಿಂಗಳ ಬದಲಾಗಿ ಫಸಲು ಮಾರಾಟದ ಕಾಲಕ್ಕೆ ಇಡುವುದು ಮತ್ತು ಸಾಲದ ಮಿತಿಯನ್ನು ಕೆಲವು ವರ್ಷಗಳಿಗೊಮ್ಮೆ ಬೆಲೆ ನೋಡಿ ಪರಿಷ್ಕರಿಸುವುದು ಅವಶ್ಯ. ರೂಪಾಯಿಯಲ್ಲಿ ಬರೆದಿಟ್ಟು ಮರೆತ ಮಿತಿ ಸಾಲಗಾರನನ್ನು ಅರ್ಧ ಮನೆಯ ಮುಂದೆ ನಿಲ್ಲಿಸುತ್ತದೆ. ಉಳಿದ ಅರ್ಧಕ್ಕೆ ಅವನು ಹೆಚ್ಚು ಬಡ್ಡಿಯ ಕೈಸಾಲಕ್ಕೆ ಹೋಗುತ್ತಾನೆ. ಈ ವಿಷಯವನ್ನು ಸದಸ್ಯರು ಮಹಾಸಭೆಯಲ್ಲಿ ಚರ್ಚಿಸಬೇಕೆಂದು ಕೋರುತ್ತೇನೆ.

ಅಭ್ಯಾಸಕ್ಕಾಗಿ ಮೂರು ಲೆಕ್ಕಗಳು

(1) ನಿಮ್ಮ ಮನೆ ಕಟ್ಟಿದ ವರ್ಷ ಒಂದು ಗಂಡಾಳಿನ ಕೂಲಿ ಎಷ್ಟಿತ್ತೆಂದು ಹಿರಿಯರನ್ನು ಕೇಳಿ. ಮನೆಗೆ ತಗಲಿದ ಹಣವನ್ನು ಆ ಕೂಲಿಯಿಂದ ಭಾಗಿಸಿ ಎಷ್ಟು ಆಳು ಎಂದು ಬರೆಯಿರಿ. ಈಗ ಕಟ್ಟಬೇಕೆಂದಿರುವ ಮನೆಯ ಅಂದಾಜನ್ನು ಇಂದಿನ ಕೂಲಿಯಿಂದ ಭಾಗಿಸಿ. ಎರಡಕ್ಕೂ ಇರುವ ಅಂತರ ನೋಡಿ.

(2) ಇದೇ ರೀತಿ ಆ ವರ್ಷದ ಮತ್ತು ಈ ವರ್ಷದ ಅಡಿಕೆ ಅಥವಾ ಕಾಫಿ ಧಾರಣೆಯಿಂದ ಭಾಗಿಸಿ, ಎರಡು ಮನೆಗಳು ಎಷ್ಟೆಷ್ಟು ಕ್ವಿಂಟಾಲಿನವು ಎಂದು ತಿಳಿಯಿರಿ.

(3) ನಿಮ್ಮ ಮನೆಯಲ್ಲಿರುವ ಪಾಲುಪಟ್ಟಿ, ವೀಲುನಾಮೆ, ಕೈಸಾಲದ ಚೀಟಿಗಳಲ್ಲಿ ರೂಪಾಯಿಯಲ್ಲಿ ಬರೆದು ಇನ್ನೂ ಕೊಡದೆ ಉಳಿದಿರುವ ಮೊತ್ತಗಳನ್ನು ಪಟ್ಟಿಮಾಡಿ. ಬರೆದ ದಿನದಿಂದ ಇಂದಿನವರೆಗೆ ಎಷ್ಟು ವರ್ಷವಾಯಿತೆಂದು ಎದುರಿಗೆ ಬರೆಯಿರಿ. ಹತ್ತು ವರ್ಷ ದಾಟಿದ ಪ್ರತಿಯೊಂದು ಮೊತ್ತವೂ ಅರ್ಧದಷ್ಟು ಕರಗಿದೆ ಎಂದು ತಿಳಿದು, ಸಂಬಂಧಪಟ್ಟವರೊಡನೆ ಕುಳಿತು ಮಾತನಾಡಿ.

ಲೆಕ್ಕ ಮಾಡಿದವರು ಕಾಗದವನ್ನು ಸಂಘದ ಕಚೇರಿಗೆ ತಂದರೆ ಒಟ್ಟಿಗೆ ಕುಳಿತು ನೋಡಬಹುದು. ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ತಂದರೆ ಇನ್ನೂ ಒಳ್ಳೆಯದು.

— ಕಾರ್ಯದರ್ಶಿ